ಹಳೇ ಟ್ರ್ಯಾಕ್ಟರ್ ಹೀಟಾಗುತ್ತಿದೆಯೇ? ಬಿಚ್ಚುವ ಮೊದಲು ‘ಯಾವಾಗ’ ಎಂದು ಕೇಳಿ

ರೇಡಿಯೇಟರ್ ಕುದಿಯಿತೆಂದರೆ ನಮ್ಮ ಕಡೆ ಸಾಮಾನ್ಯವಾಗಿ ಮೂರು ಕೆಲಸ ನಡೆಯುತ್ತವೆ. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಕಿತ್ತು ಪಕ್ಕಕ್ಕಿಡುತ್ತಾರೆ. ಒಂದು ಡಬ್ಬಿ ಕೂಲಂಟ್ ಸುರಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ರೇಡಿಯೇಟರ್ ಇಳಿಸಿ ಬೆಸುಗೆ ಅಂಗಡಿಗೆ ಒಯ್ಯುತ್ತಾರೆ. ಇಷ್ಟೆಲ್ಲ ಆದ ಮೇಲೆ, ಜಾರುತ್ತಿದ್ದದ್ದು ಬರೀ ಫ್ಯಾನ್ ಬೆಲ್ಟ್ ಎಂದೋ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತೆಂದೋ ಗೊತ್ತಾಗುತ್ತದೆ. ಹಣ, ಹದ ಎರಡೂ ಹೋದ ಮೇಲೆ ಸಿಕ್ಕ ಉತ್ತರ ಅದು. ಟ್ರ್ಯಾಕ್ಟರ್ ಯಾವಾಗ ಹೀಟಾಗುತ್ತದೆ, ಎಲ್ಲಿ ಬಿಸಿ ಇದೆ, ಎಲ್ಲಿ ತಣ್ಣಗಿದೆ ಎಂದು ಮೊದಲೇ ನೋಡಿಕೊಂಡರೆ ಮುಕ್ಕಾಲು ಪಾಲು ದೋಷ ಸ್ಪ್ಯಾನರ್ ಹಿಡಿಯುವ ಮೊದಲೇ ಸಿಕ್ಕಿಬೀಳುತ್ತದೆ.

ಇಲ್ಲಿ ಹೇಳುವುದು ಮ್ಯಾಸ್ಸಿ 1035, ಮಹೀಂದ್ರಾ ಬಿ-275, ಹೆಚ್‌ಎಂಟಿ, ಫೋರ್ಡ್ 3600ರಂಥ ನೀರಿನಿಂದ ತಣಿಯುವ ಹಳೆಯ ಇಂಜಿನ್‌ಗಳ ಬಗ್ಗೆ. ಹಳೆಯ ಐಷರ್‌ಗಳಲ್ಲಿ ಹಲವಕ್ಕೆ ರೇಡಿಯೇಟರೇ ಇಲ್ಲ, ಅವು ಗಾಳಿಯಿಂದ ತಣಿಯುವಂಥವು. ಅವುಗಳಲ್ಲಿ ನೋಡಬೇಕಾದ್ದು ಸಿಲಿಂಡರ್ ಸುತ್ತಲಿನ ರೆಕ್ಕೆಗಳ ನಡುವೆ ಆಯಿಲ್ ಜೊತೆ ಕಲೆತು ಗಟ್ಟಿಯಾದ ಧೂಳು, ಬ್ಲೋವರ್, ಮತ್ತು ಅದಕ್ಕೆ ಗಾಳಿ ಕೊಂಡೊಯ್ಯುವ ತಗಡಿನ ಮುಚ್ಚಿಗೆ.

ಶಾಖ ಹೋಗುವ ದಾರಿ

ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ನೀರಿಗೆ ಸೇರುತ್ತದೆ. 35 ಎಚ್‌ಪಿ ಇಂಜಿನ್ ಎಂದರೆ 26 ಕಿಲೋವ್ಯಾಟ್. ಪೂರ್ತಿ ಲೋಡ್‌ನಲ್ಲಿ ಅದು 20 ಕಿಲೋವ್ಯಾಟ್ ಆಸುಪಾಸಿನ ಶಾಖವನ್ನು ರೇಡಿಯೇಟರ್ ಮೂಲಕ ಹೊರಹಾಕಬೇಕು. ಮನೆಯ ಎರಡು ಕಿಲೋವ್ಯಾಟ್ ಗೀಸರ್ ಹತ್ತನ್ನು ಒಟ್ಟಿಗೆ ಹಾಕಿದರೆ ಎಷ್ಟಾಗುತ್ತದೋ ಅಷ್ಟು, ಅದೂ ಬೆಳಗಿನಿಂದ ಸಂಜೆಯವರೆಗೆ.

ಈ ಶಾಖ ಸಿಲಿಂಡರ್ ಗೋಡೆಯಿಂದ ನೀರಿಗೆ, ನೀರಿನಿಂದ ರೇಡಿಯೇಟರ್ ಕೊಳವೆಗೆ, ಕೊಳವೆಯಿಂದ ಗಾಳಿಗೆ ದಾಟಬೇಕು. ಮೂರರಲ್ಲಿ ಒಂದು ಕಡೆ ತಡೆಯಾದರೂ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಏರುತ್ತದೆ.

‘ಡಿಸೆಂಬರ್‌ನಲ್ಲಿ ಚೆನ್ನಾಗಿತ್ತು, ಮೇನಲ್ಲಿ ಕುದಿಯುತ್ತಿದೆ’ ಎಂಬ ದೂರಿಗೂ ಉತ್ತರ ಇಲ್ಲೇ ಇದೆ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಎಂಬುದು ನೀರಿಗೂ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 90 ಡಿಗ್ರಿ, ಗಾಳಿ 27 ಡಿಗ್ರಿ ಇದ್ದಾಗ ಅಂತರ 63. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ 42 ಆದರೆ ಅಂತರ 48ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರ್ ಕಾಲು ಭಾಗದಷ್ಟು ಕಡಿಮೆ ಕೆಲಸ ಮಾಡುತ್ತದೆ. ಹೊಸ ರೇಡಿಯೇಟರ್‌ಗೆ ಆ ಕಾಲು ಭಾಗ ಕೈಯಲ್ಲಿ ಮಿಕ್ಕಿರುತ್ತದೆ, ಅರ್ಧ ಕಟ್ಟಿಕೊಂಡ ಹಳೆಯದಕ್ಕೆ ಇರುವುದಿಲ್ಲ. ಬಿಸಿಲು ದೋಷವನ್ನು ಹುಟ್ಟಿಸುವುದಿಲ್ಲ, ಇದ್ದ ದೋಷವನ್ನು ಹೊರಗೆ ಹಾಕುತ್ತದೆ.

ಯಾವಾಗ ಹೀಟಾಗುತ್ತದೆ?

ತಣ್ಣಗಿದ್ದ ಇಂಜಿನ್ ಚಾಲೂ ಮಾಡಿ ಐದು ನಿಮಿಷವೂ ಆಗಿಲ್ಲ, ಮೇಲಿನ ಹೋಸ್ ಆಗಲೇ ಕಲ್ಲಿನಂತೆ ಬಿಗಿದಿದೆ ಎಂದರೆ ಸಿಲಿಂಡರ್‌ನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ. ಇಂಜಿನ್ ಬಿಸಿಯಾಗಿ ಮುಳ್ಳು ಏರಿದರೂ ಮೇಲಿನ ಹೋಸ್ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಕಚ್ಚಿಕೊಂಡಿದೆ, ಇಲ್ಲವೇ ಪಂಪ್ ನೀರು ತಳ್ಳುತ್ತಿಲ್ಲ.

ಅರ್ಧ ಗಂಟೆ ರೋಟವೇಟರ್ ಹೊಡೆದ ಮೇಲೆ ಏರಿ, ಲೋಡ್ ತೆಗೆದು ನಿಲ್ಲಿಸಿದರೆ ತಾನೇ ಇಳಿಯುವುದು ಹಳೇ ಟ್ರ್ಯಾಕ್ಟರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಲಕ್ಷಣ. ಇದು ಶಕ್ತಿ ಸಾಲದ ರೇಡಿಯೇಟರ್: ಒಳಗೆ ಸುಣ್ಣ ಕಟ್ಟಿದೆ ಅಥವಾ ಹೊರಗೆ ಗಾಳಿ ಹಾಯುವ ಜಾಲಿ ಮುಚ್ಚಿದೆ. ತೊಗರಿಯನ್ನೋ ಜೋಳವನ್ನೋ ಒಕ್ಕುವಾಗ, ಅಂದರೆ ನಿಂತಲ್ಲೇ ನಿಂತು ಪಿಟಿಒ (ಯಂತ್ರಕ್ಕೆ ಶಕ್ತಿ ಕೊಡುವ ಶಾಫ್ಟ್) ತಿರುಗಿಸುವಾಗ ಮಾತ್ರ ಹೀಟಾಗುವುದಾದರೆ ಬೇರೆಲ್ಲೂ ನೋಡುವ ಮೊದಲು ಜಾಲಿ ಮತ್ತು ಫ್ಯಾನ್ ಬೆಲ್ಟ್ ನೋಡಿ. ಐಡಲ್‌ನಲ್ಲಿ ಸರಿಯಿದ್ದು, ಆಕ್ಸಿಲರೇಟರ್ ಏರಿಸಿ ಕಬ್ಬಿನ ಟ್ರಾಲಿ ಎಳೆಯುವಾಗ ಏಕಾಏಕಿ ಏರಿದರೆ ಕೆಳಗಿನ ಹೋಸ್ ನೋಡಬೇಕು. ಪಂಪ್ ಎಳೆಯುವ ಕಡೆ ಅದು, ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದಿದ್ದರೆ ವೇಗ ಹೆಚ್ಚಿದಾಗ ರಬ್ಬರ್ ಒಳಕ್ಕೆ ಅಂಟಿಕೊಂಡು ನೀರಿನ ದಾರಿ ಮುಚ್ಚುತ್ತದೆ. ಇಂಜಿನ್ ನಿಲ್ಲಿಸಿದ ಕೂಡಲೇ ಹೋಸ್ ಮತ್ತೆ ದುಂಡಗಾಗುವುದರಿಂದ ನಿಂತ ಟ್ರ್ಯಾಕ್ಟರಿನಲ್ಲಿ ಇದು ಕಾಣುವುದೇ ಇಲ್ಲ. ಯಾರಾದರೂ ಆಕ್ಸಿಲರೇಟರ್ ಕೊಡಬೇಕು, ಇನ್ನೊಬ್ಬರು ಫ್ಯಾನ್‌ನಿಂದ ದೂರ ನಿಂತು ನೋಡಬೇಕು.

ಮೇಲೆ, ಕೆಳಗೆ ಅಳೆಯಿರಿ

ಗನ್ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಊಹೆಯ ಅಗತ್ಯವಿಲ್ಲ. ಟ್ರ್ಯಾಕ್ಟರನ್ನು ಲೋಡ್‌ನಲ್ಲಿ ಓಡಿಸಿ, ಮುಳ್ಳು ಏರಿದಾಗ ಥರ್ಮೋಸ್ಟಾಟ್ ಮನೆ, ರೇಡಿಯೇಟರಿನ ಮೇಲಿನ ಟ್ಯಾಂಕ್, ಕೆಳಗಿನ ಟ್ಯಾಂಕ್ ಮೂರನ್ನೂ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಗನ್ ತಪ್ಪು ತೋರಿಸುತ್ತದೆ, ಕಪ್ಪು ಬಣ್ಣದ ಜಾಗಕ್ಕೋ ರಬ್ಬರಿಗೋ ಹಿಡಿಯಿರಿ.

ಆರೋಗ್ಯವಾಗಿರುವ ರೇಡಿಯೇಟರಿನಲ್ಲಿ ಮೇಲಕ್ಕೂ ಕೆಳಕ್ಕೂ 6ರಿಂದ 10 ಡಿಗ್ರಿ ವ್ಯತ್ಯಾಸ ಸಾಮಾನ್ಯ. ವ್ಯತ್ಯಾಸ 15-20 ಡಿಗ್ರಿ ದಾಟಿದರೆ ರೇಡಿಯೇಟರ್ ತಣಿಸುತ್ತಿದೆ, ಆದರೆ ಅದಕ್ಕೆ ಸಾಕಷ್ಟು ನೀರು ಬರುತ್ತಿಲ್ಲ: ಪಂಪ್, ಬೆಲ್ಟ್, ಥರ್ಮೋಸ್ಟಾಟ್, ಕೆಳಗಿನ ಹೋಸ್, ಕಟ್ಟಿಕೊಂಡ ಕೊಳವೆ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ, ಎರಡೂ 95ರ ಮೇಲೆ ಎಂದರೆ ನೀರು ಓಡುತ್ತಿದೆ, ಗಾಳಿ ಶಾಖ ಒಯ್ಯುತ್ತಿಲ್ಲ: ಜಾಲಿ, ಫ್ಯಾನ್, ಅದರ ಸುತ್ತಲಿನ ಮುಚ್ಚಿಗೆ (ಶ್ರೌಡ್) ನೋಡಿ. ಎಲ್ಲ ಕಡೆ 80ರ ಆಸುಪಾಸು ಇದ್ದು ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಕೆಂಪಿನಲ್ಲಿದ್ದರೆ ಕೆಟ್ಟಿರುವುದು ಮೀಟರ್ ಅಥವಾ ಸೆನ್ಸರ್.

ಗನ್ ಇಲ್ಲದಿದ್ದರೆ ಇಂಜಿನ್ ನಿಲ್ಲಿಸಿ, ಜಾಲಿಯ ಮುಂಭಾಗಕ್ಕೆ ಅಂಗೈಯನ್ನು ತಾಗಿಸದೆ ಹತ್ತಿರ ಹಿಡಿದು ಸರಿಸುತ್ತ ಹೋಗಿ. ಒಂದು ಪಟ್ಟಿಯಷ್ಟು ಜಾಗ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಕಟ್ಟಿವೆ.

ಗಾಳಿಯ ಕಡೆ

ಫ್ಯಾನ್ ಮುಂದಿನಿಂದ ಗಾಳಿ ಎಳೆದು ಇಂಜಿನ್ ಕಡೆ ಬಿಡುತ್ತದೆ. ಹಾಗಾಗಿ ಹೊಟ್ಟು, ಧೂಳು, ಹುಳ ಎಲ್ಲ ಕೂರುವುದು ಮುಂಭಾಗದಲ್ಲಿ. ಮುಂದಿನಿಂದ ನೀರು ಹೊಡೆದರೆ ಅದು ಇನ್ನೂ ಒಳಕ್ಕೆ ಇಳಿದು ನಡುವೆ ಗಟ್ಟಿಯಾಗುತ್ತದೆ, ಹೊರಗಿನಿಂದ ಜಾಲಿ ಚೊಕ್ಕಟವಾಗಿಯೇ ಕಾಣುತ್ತದೆ. ಯಾವಾಗಲೂ ಇಂಜಿನ್ ಕಡೆಯಿಂದ ಮುಂದಕ್ಕೆ ಹೊಡೆಯಿರಿ. ಒಣ ಹೊಟ್ಟಿಗೆ ಗಾಳಿ ಸಾಕು. ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಮಾಡುವಾಗ ಸಿಡಿದ ಮಣ್ಣಿಗೆ ನೀರು ಬೇಕು. ಆಯಿಲ್ ಸೋರಿ ಧೂಳು ಅಂಟಿದ್ದರೆ ಸೋಪಿನ ಪುಡಿ ಕಲಸಿದ ನೀರು ಎರಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ಧಾರೆಯನ್ನು ಹತ್ತಿರದಿಂದ ಹಿಡಿದರೆ ತೆಳು ಫಿನ್‌ಗಳು ಮಡಚಿ, ತೊಳೆದ ಮೇಲೆ ಮೊದಲಿಗಿಂತ ಹೆಚ್ಚು ಹೀಟಾಗುತ್ತದೆ. ಒಕ್ಕಣೆಯ ದಿನಗಳಲ್ಲಿ ಈ ಕೆಲಸವನ್ನು ದಿನಕ್ಕೆ ಎರಡು ಸಲ ಮಾಡಿದರೂ ಹೆಚ್ಚಲ್ಲ.

ಬೆಲ್ಟ್ ಅನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿದಾಗ 10ರಿಂದ 15 ಮಿ.ಮೀ. ತಗ್ಗಬೇಕು. ಕೂಗುವ ಬೆಲ್ಟ್ ಮಾತ್ರ ಜಾರುತ್ತದೆ ಎಂದುಕೊಳ್ಳಬೇಡಿ. ಅಂಚುಗಳು ಗಾಜಿನಂತೆ ಹೊಳೆಯುತ್ತಿದ್ದರೆ ಸದ್ದಿಲ್ಲದೆಯೇ ಜಾರುತ್ತದೆ. ಬೆಲ್ಟ್ ಪುಲ್ಲಿಯ ತಳ ಮುಟ್ಟಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಏಕೆಂದರೆ ಹಿಡಿತ ಕೊಡುವುದು ಅದರ ಎರಡು ಪಕ್ಕಗಳು. ಅತಿಯಾಗಿ ಬಿಗಿದರೆ ವಾಟರ್ ಪಂಪ್ ಬೇರಿಂಗ್ ಹೋಗುತ್ತದೆ.

ಫ್ಯಾನ್ ತಿರುಗುಮುರುಗಾಗಿ ಕೂರಿಸಿದ್ದೂ ಅಪರೂಪವಲ್ಲ. ಹಾಗೆ ಕೂರಿಸಿದರೂ ಗಾಳಿ ಬರುವ ದಿಕ್ಕು ಬದಲಾಗದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ, ಆದರೆ ಗಾಳಿಯ ಪ್ರಮಾಣ ಚೆನ್ನಾಗಿಯೇ ಕುಗ್ಗುತ್ತದೆ. ಫ್ಯಾನ್ ಸುತ್ತಲಿನ ಶ್ರೌಡ್ ಅಡ್ಡ ಬರುತ್ತದೆಂದು ಬಿಚ್ಚಿಟ್ಟಿದ್ದರೆ ವಾಪಸ್ ಹಾಕಿ. ಅದಿಲ್ಲದಿದ್ದರೆ ಫ್ಯಾನ್ ಜಾಲಿಯ ಮೂಲಕ ಎಳೆಯುವ ಬದಲು ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ.

ನೀರಿನ ಕಡೆ: ಪಂಪ್ ಮತ್ತು ಥರ್ಮೋಸ್ಟಾಟ್

ವಾಟರ್ ಪಂಪ್‌ನ ಕೆಳಭಾಗದಲ್ಲಿ ಒಂದು ಚಿಕ್ಕ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬೀಳಲಿ ಎಂದೇ ಆ ತೂತು. ಅಲ್ಲಿಂದ ಹನಿಯುತ್ತಿದ್ದರೆ ಪಂಪ್ ಕಿಟ್ ಹಾಕುವ ಕಾಲ ಬಂದಿದೆ. ಅದನ್ನು ಎಂ-ಸೀಲ್‌ನಿಂದ ಮುಚ್ಚುವುದು ದೊಡ್ಡ ತಪ್ಪು: ನೀರು ಬೇರಿಂಗಿಗೆ ಹೋಗಿ, ಶಾಫ್ಟ್ ಆಡಿ, ಕೊನೆಗೆ ಫ್ಯಾನ್ ರೇಡಿಯೇಟರನ್ನೇ ಕೊಚ್ಚಿಹಾಕುತ್ತದೆ. ಇಂಜಿನ್ ನಿಂತಿರುವಾಗ ಫ್ಯಾನ್ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ ಕೈಗೆ ಗೊತ್ತಾಗುವಂತಿದ್ದರೆ ಬೇರಿಂಗ್ ಮುಗಿದಿದೆ. ಹೊರಗಿನಿಂದ ಚೆನ್ನಾಗಿರುವ ಪಂಪ್ ಒಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಕರಗಿ ಬೋಳಾಗಿರಬಹುದು. ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಕುಡಿದ ಇಂಜಿನ್‌ಗಳಲ್ಲಿ ಇದನ್ನು ಎಣಿಸಿಕೊಂಡೇ ಇರಬೇಕು.

ಈಗ ಥರ್ಮೋಸ್ಟಾಟ್. ‘ನಮ್ಮ ಬಿಸಿಲಿಗೆ ಅದು ಬೇಡ’ ಎಂಬ ಮಾತು ಎಷ್ಟು ಗ್ಯಾರೇಜುಗಳಲ್ಲಿ ಕೇಳಿಬಂದರೂ ತಪ್ಪೇ. ಹೆಚ್ಚಿನ ಇಂಜಿನ್‌ಗಳಲ್ಲಿ ನೀರಿಗೆ ಎರಡು ದಾರಿ ಇರುತ್ತವೆ. ತಣ್ಣಗಿರುವಾಗ ಬೈಪಾಸ್ ಮೂಲಕ ಇಂಜಿನ್ ಒಳಗೇ ಸುತ್ತು, ಬಿಸಿಯಾದ ಮೇಲೆ ರೇಡಿಯೇಟರ್ ಮೂಲಕ ಸುತ್ತು. ಕೆಲವು ಥರ್ಮೋಸ್ಟಾಟ್‌ಗಳು ರೇಡಿಯೇಟರಿನ ದಾರಿ ತೆರೆಯುತ್ತಲೇ ಬೈಪಾಸನ್ನು ಮುಚ್ಚುತ್ತವೆ. ಅಂಥದ್ದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಮರಳಿ ಇಂಜಿನ್ ಸೇರುತ್ತದೆ. ತಣಿಯಲೆಂದು ಕಿತ್ತದ್ದೇ ಭಾರೀ ಲೋಡ್‌ನಲ್ಲಿ ಹೀಟಾಗಲು ಕಾರಣ. ಹಗುರ ಕೆಲಸದಲ್ಲಿ ತೊಂದರೆ ಇದಕ್ಕೆ ವಿರುದ್ಧ. ಇಂಜಿನ್ 50-60 ಡಿಗ್ರಿಯಲ್ಲೇ ಓಡಿ, ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುತ್ತದೆ, ತಣ್ಣನೆಯ ಗೋಡೆಯ ಮೇಲೆ ಆಮ್ಲದ ತೇವ ಕೂರುತ್ತದೆ, ರಿಂಗು, ಲೈನರ್ ಬೇಗ ಸವೆಯುತ್ತವೆ.

ಪರೀಕ್ಷೆ ಸುಲಭ. ಥರ್ಮೋಸ್ಟಾಟಿನ ಮೇಲೆ ಅದು ತೆರೆಯುವ ಉಷ್ಣತೆ ಒತ್ತಿರುತ್ತದೆ, ಸಾಮಾನ್ಯವಾಗಿ 82 ಅಥವಾ ಅದರ ಹತ್ತಿರದ ಅಂಕಿ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ, ತಳ ತಾಗದಂತೆ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ನಿಧಾನ ಕಾಯಿಸಿ. ಆ ಅಂಕಿಯ ಸುತ್ತ ಬಾಯಿ ಬಿಡಲು ಶುರುವಾಗಿ, ಮುಂದಿನ 10-12 ಡಿಗ್ರಿಯೊಳಗೆ ಪೂರ್ತಿ ತೆರೆಯಬೇಕು. ತಣ್ಣಗಾದಾಗ ಬೆಳಕೂ ನುಸುಳದಂತೆ ಮುಚ್ಚಬೇಕು. ಕೂರಿಸುವಾಗ ಮೇಣ ತುಂಬಿದ ಗುಂಡು ಇಂಜಿನ್ ಕಡೆಗೆ ಇರಲಿ. ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಗಾಳಿ ಹೊರಹೋಗಲು ಅದು ಮೇಲ್ಗಡೆ ಬರಲಿ.

ಬೋರ್‌ವೆಲ್ ನೀರು ಮಾಡುವ ಹಾನಿ

ಕೋಲಾರ, ಚಿತ್ರದುರ್ಗದಂಥ ಬಯಲುಸೀಮೆಯ ಬೋರ್ ನೀರು ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಪದರ ಸಿಲಿಂಡರಿನ ಹೊರಗೋಡೆಗೂ ಕಟ್ಟುತ್ತದೆ. ಸುಣ್ಣದ ಪದರ ಎರಕದ ಕಬ್ಬಿಣಕ್ಕಿಂತ ಎಷ್ಟು ಕೆಟ್ಟ ಶಾಖವಾಹಕವೆಂದರೆ ಒಂದು ಮಿ.ಮೀ. ಪದರ 25 ಮಿ.ಮೀ. ದಪ್ಪ ಕಬ್ಬಿಣದಷ್ಟಾದರೂ ತಡೆ ಒಡ್ಡುತ್ತದೆ. ಆಗ ಮೀಟರ್ 85 ತೋರಿಸುತ್ತಿದ್ದರೂ ಹೆಡ್ಡಿನ ಒಳಗೆ, ವಾಲ್ವ್‌ಗಳ ನಡುವೆ ಲೋಹ ಬೇಯುತ್ತಿರುತ್ತದೆ. ಮೀಟರ್ ನೀರನ್ನು ಅಳೆಯುತ್ತದೆಯೇ ಹೊರತು ಲೋಹವನ್ನಲ್ಲ. ದಿನವೂ ಅರ್ಧ ಲೀಟರ್ ಸೋರುವ ಟ್ರ್ಯಾಕ್ಟರಿಗೆ ದಿನವೂ ಬೋರ್ ನೀರು ತುಂಬುವುದೆಂದರೆ ದಿನವೂ ಹೊಸ ಸುಣ್ಣ ಸೇರಿಸಿದಂತೆ. ಅದಕ್ಕೇ ಸಣ್ಣ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು.

ತೊಳೆಯುವ ಕ್ರಮ ಹೀಗೆ. ಇಂಜಿನ್ ಉಗುರುಬೆಚ್ಚಗಿರುವಾಗ ರೇಡಿಯೇಟರಿನ ಡ್ರೇನ್ ಕಾಕ್ ಮತ್ತು ಇಂಜಿನ್ ಬ್ಲಾಕಿನ ಪಕ್ಕದ ಡ್ರೇನ್ ಎರಡನ್ನೂ ಬಿಚ್ಚಿ. ಎರಡನೆಯದನ್ನು ಬಹಳ ಮಂದಿ ಮುಟ್ಟುವುದೇ ಇಲ್ಲ, ಆದರೆ ಕೆಸರು ಕೂತಿರುವುದು ಅಲ್ಲೇ. ಪ್ಲಗ್ ತೆಗೆದರೂ ನೀರು ಬರದಿದ್ದರೆ ತಂತಿ ಹಾಕಿ ಕೆದಕಿ. ಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಳೆದಿಟ್ಟುಕೊಳ್ಳಿ. ಈ ಗಾತ್ರದ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು 8ರಿಂದ 12 ಲೀಟರ್ ಹಿಡಿಯುತ್ತವೆ.

ಥರ್ಮೋಸ್ಟಾಟ್ ತೆಗೆದು, ಮನೆಯನ್ನು ಮತ್ತೆ ಮುಚ್ಚಿ. ನೀರಿನಲ್ಲಿ ಆಯಿಲ್ ಜಿಡ್ಡು ಕಂಡಿದ್ದರೆ ಮೊದಲು ಲೀಟರಿಗೆ 20 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಹಾಕಿ, ಅರ್ಧ ಗಂಟೆ ಓಡಿಸಿ ತೆಗೆಯಿರಿ. ಜಿಡ್ಡು ಹೋಗದೆ ಸುಣ್ಣ ಕರಗದು. ಆಮೇಲೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್: ಲೀಟರಿಗೆ 50 ಗ್ರಾಂ, ಹತ್ತು ಲೀಟರಿಗೆ ಅರ್ಧ ಕಿಲೋ, ಬಕೆಟ್ಟಿನಲ್ಲೇ ಕರಗಿಸಿ ಸುರಿಯಿರಿ. ಸುಣ್ಣ ಕರಗುವಾಗ ನೊರೆ, ಗ್ಯಾಸ್ ಬರುತ್ತದೆ. ಹಾಗಾಗಿ ಕುತ್ತಿಗೆಯಿಂದ ನಾಲ್ಕು ಬೆರಳು ಕಡಿಮೆ ತುಂಬಿ, ಮುಚ್ಚಳವನ್ನು ಬಿಗಿಯದೆ ಸುಮ್ಮನೆ ಇಡಿ, ಕಣ್ಣಿಗೆ ಕನ್ನಡಕ ಇರಲಿ. 70-80 ಡಿಗ್ರಿಯಲ್ಲಿ 20ರಿಂದ 30 ನಿಮಿಷ ಓಡಿಸಿ, ಬಿಸಿಯಿರುವಾಗಲೇ, ಕೈ ಸುಡದಂತೆ ನೋಡಿಕೊಂಡು, ಖಾಲಿ ಮಾಡಿ. ನೀರು ಕಡು ಕಂದಾಗಿ ಬಂದರೆ ಇನ್ನೊಂದು ಸಲ ಮಾಡಿ. ಕೊನೆಗೆ ಉಳಿದ ಹುಳಿ ಕೊಲ್ಲಲು ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿ ಹತ್ತು ನಿಮಿಷ ಓಡಿಸಿ, ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆದು, ಥರ್ಮೋಸ್ಟಾಟ್ ವಾಪಸ್ ಕೂರಿಸಿ. ಇದು ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರಿಗೆ ಹೇಳಿದ್ದು. ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದ್ದರೆ ಸೋಡಾ ಬಳಸಬೇಡಿ. ಬಚ್ಚಲು ತೊಳೆಯುವ ಆಸಿಡ್ ಅಂತೂ ಯಾವುದಕ್ಕೂ ಬೇಡ, ಅದು ಸುಣ್ಣದ ಜೊತೆ ಲೋಹವನ್ನೂ ಬೆಸುಗೆಯನ್ನೂ ತಿನ್ನುತ್ತದೆ.

ತೊಳೆದ ಮೇಲೆ ಹೊಸ ಸೋರಿಕೆ ಕಂಡರೆ ನಿಂಬೆ ಉಪ್ಪನ್ನು ಬೈಯಬೇಡಿ. ತೂತು ಮೊದಲೇ ಇತ್ತು, ಸುಣ್ಣ ಅದನ್ನು ಮುಚ್ಚಿತ್ತು.

ರೇಡಿಯೇಟರ್ ಇಳಿಸಿದ್ದರೆ ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ನೀರು ತುಂಬಿ, ಕೈ ಬಿಡಿ. ಕೊಡ ಬೋರಲು ಹಾಕಿದಂತೆ ದಬದಬ ಸುರಿಯಬೇಕು. ಜುಳುಜುಳು ಎಂದು ಬಂದರೆ ಮೇಲಿನ ಟ್ಯಾಂಕ್ ಬಿಡಿಸಿ ಕೊಳವೆಗಳಿಗೆ ಸಲಾಕೆ ಹೊಡೆಸಬೇಕು, ಅದಕ್ಕೂ ಮೀರಿದ್ದರೆ ಕೋರ್ ಬದಲಿಸಬೇಕು. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಉಪಾಯ ದಾರಿಯಲ್ಲಿ ಕೆಟ್ಟಾಗ ಮನೆ ಮುಟ್ಟಿಸುತ್ತದೆ, ನಿಜ. ಆದರೆ ತೂತು ಮುಚ್ಚಿದ ಪುಡಿಯೇ ಸಪೂರ ಕೊಳವೆಗಳನ್ನೂ ಮುಚ್ಚುತ್ತದೆ. ಮನೆ ಮುಟ್ಟಿದ ಮೇಲೆ ತೊಳೆದು ಬೆಸುಗೆ ಹಾಕಿಸಲೇಬೇಕು.

ಮುಚ್ಚಳ ಚಿಕ್ಕದು, ಕೆಲಸ ದೊಡ್ಡದು

ಸುಮಾರು 920 ಮೀಟರ್ ಎತ್ತರದ ಬೆಂಗಳೂರು ಸುತ್ತಮುತ್ತ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಳೇ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾದ 7 ಪಿಎಸ್‌ಐ ಮುಚ್ಚಳ ಒಳಗೆ ಒತ್ತಡ ಹಿಡಿದು ಕುದಿಯುವ ಬಿಂದುವನ್ನು ಇನ್ನೂ 11-12 ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ರಬ್ಬರ್ ಬಿರಿದ ಮುಚ್ಚಳದಿಂದ ಆ ಲಾಭ ಪೂರ್ತಿ ಹೋಗುತ್ತದೆ. ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ, ತಣಿಯುವಾಗ ಒಳಗೆ ಗಾಳಿ ಬಿಡಲು. ಅದು ಕಚ್ಚಿಕೊಂಡರೆ ಬೆಳಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿರುತ್ತದೆ. ಹೆಚ್ಚು ಒತ್ತಡದ ಮುಚ್ಚಳ ಹಾಕಿದರೆ ಹೆಚ್ಚು ಲಾಭ ಎಂಬ ಲೆಕ್ಕ ಬೇಡ, ಹಳೆಯ ಬೆಸುಗೆ ಅದನ್ನು ತಾಳುವುದಿಲ್ಲ.

ಇನ್ನೊಂದು ಸುಳ್ಳು ಗಾಬರಿ: ಹತ್ತು ಲೀಟರ್ ನೀರು 25ರಿಂದ 95 ಡಿಗ್ರಿಗೆ ಬಿಸಿಯಾದಾಗ 350 ಮಿ.ಲೀ.ನಷ್ಟು ಹಿಗ್ಗುತ್ತದೆ. ಹೊರಬಾಟಲಿ ಇಲ್ಲದ ರೇಡಿಯೇಟರನ್ನು ಕಂಠದವರೆಗೆ ತುಂಬಿದರೆ ಅಷ್ಟು ನೀರು ಹೊರಗೆ ಬಂದೇ ಬರುತ್ತದೆ. ಸೋರುತ್ತಿದೆಯೆಂದು ಮತ್ತೆ ತುಂಬಿದರೆ ಮತ್ತೆ ಬರುತ್ತದೆ. ಕುತ್ತಿಗೆಯಿಂದ ಎರಡು ಬೆರಳು ಕಡಿಮೆ ಇರಲಿ.

ಹೆಡ್ ಗ್ಯಾಸ್ಕೆಟ್ ಅನುಮಾನ

ತಣ್ಣನೆಯ ಇಂಜಿನ್‌ನಲ್ಲಿ ಫ್ಯಾನ್ ಬೆಲ್ಟ್ ಬಿಚ್ಚಿ, ರೇಡಿಯೇಟರನ್ನು ಕಂಠದವರೆಗೆ ತುಂಬಿ, ಮುಚ್ಚಳ ಹಾಕದೆ ಚಾಲೂ ಮಾಡಿ. ಬೆಲ್ಟ್ ಇಲ್ಲದ ಕಾರಣ ಪಂಪ್ ನೀರನ್ನು ಕಲಕುವುದಿಲ್ಲ, ಬರುವ ಗುಳ್ಳೆ ಸಿಲಿಂಡರಿನದ್ದೇ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಗುಳ್ಳೆ ಹೆಚ್ಚಾದರೆ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರುಕು ಬಿಟ್ಟಿದೆ. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ರಾತ್ರಿಯಿಡೀ ನಿಂತ ಟ್ರ್ಯಾಕ್ಟರಿನ ಆಯಿಲ್ ಚೇಂಬರ್ ನಟ್ಟನ್ನು ಬೆಳಗ್ಗೆ ಚಾಲೂ ಮಾಡುವ ಮೊದಲು ಸ್ವಲ್ಪ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ. ಹೆಚ್‌ಎಂಟಿ ಜೆಟಾರ್‌ನಂಥ ವೆಟ್ ಲೈನರ್ (ಲೈನರಿಗೆ ನೀರು ನೇರ ತಾಗುವ) ಇಂಜಿನ್‌ಗಳಲ್ಲಿ ನೀರು ಕೆಳಗಿಳಿಯಲು ಲೈನರಿನ ರಬ್ಬರ್ ರಿಂಗ್ ಹಾಳಾದರೂ ಸಾಕು. ಮ್ಯಾಸ್ಸಿ 1035ರಲ್ಲಿರುವುದು ನೀರು ತಾಗದ ಡ್ರೈ ಲೈನರ್, ಅಲ್ಲಿ ಅನುಮಾನ ಗ್ಯಾಸ್ಕೆಟ್ ಅಥವಾ ಬಿರುಕಿನ ಮೇಲೆಯೇ.

ಹೆಡ್ ಬಿಚ್ಚಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡಬೇಡಿ. ನೇರ ಉಕ್ಕಿನ ಪಟ್ಟಿ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ 0.10 ಮಿ.ಮೀ. ಫೀಲರ್ ಗೇಜ್ ತೂರಿಸಿ ನೋಡಿ. ತೂರಿದರೆ ಫೇಸಿಂಗ್ (ಹೆಡ್ಡಿನ ಮೈ ಸಮತಟ್ಟು) ಮಾಡಿಸದೆ ಹಾಕಿದ ಗ್ಯಾಸ್ಕೆಟ್ ಮುಂದಿನ ಹಂಗಾಮಿನವರೆಗೂ ಬಾಳುವುದಿಲ್ಲ. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ನಿಮ್ಮ ಮಾದರಿಯ ಪುಸ್ತಕದಲ್ಲಿರುವ ಟಾರ್ಕ್‌ಗೆ ಬಿಗಿಯಿರಿ.

ಇವೆಲ್ಲವೂ ಸರಿಯಿದ್ದೂ ಹೀಟಾದರೆ ಶಾಖವೇ ಹೆಚ್ಚು ಹುಟ್ಟುತ್ತಿದೆ. ಡೀಸೆಲ್ ಪಂಪ್ ಟೈಮಿಂಗ್ ಹಿಂದೆ ಬಿದ್ದಿದೆಯೇ, ಆಯಿಲ್ ಬಾತ್ ಏರ್ ಫಿಲ್ಟರ್ ಕೆಸರಾಗಿದೆಯೇ, ಇಂಜಿನ್ ಆಯಿಲ್ ಕಡಿಮೆಯೇ, ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. 35 ಎಚ್‌ಪಿಗೆ ದೊಡ್ಡ ರೋಟವೇಟರ್ ಕಟ್ಟಿದ್ದರೆ ಯಾವ ರೇಡಿಯೇಟರೂ ಕಾಪಾಡದು.

ಹೊಲದಲ್ಲಿ ಕುದಿದಾಗ

ಲೋಡ್ ತೆಗೆದು ಐಡಲ್‌ಗಿಂತ ತುಸು ಮೇಲೆ ಓಡಲು ಬಿಡಿ. ಥಟ್ಟನೆ ಆಫ್ ಮಾಡಿದರೆ ನೀರು ನಿಂತು, ಹೆಡ್ಡಿನ ಶಾಖಕ್ಕೆ ಅಲ್ಲೇ ಕುದಿದು ಆವಿಯಾಗುತ್ತದೆ. ಹೋಸ್ ಒಡೆದಿದ್ದರೆ ಅಥವಾ ಬೆಲ್ಟ್ ಹರಿದಿದ್ದರೆ ಮಾತ್ರ ಕೂಡಲೇ ನಿಲ್ಲಿಸಿ. ಮುಚ್ಚಳಕ್ಕೆ ಕೈ ಹಾಕುವ ಮೊದಲು ಇಂಜಿನ್ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಆಮೇಲೂ ಒದ್ದೆ ಗೋಣಿಚೀಲ ಹಾಕಿ, ಮುಖ ಪಕ್ಕಕ್ಕಿಟ್ಟು, ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ ಆವಿ ಹೋಗಲು ಬಿಡಿ. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರಿಯುತ್ತದೆ.

ಮತ್ತೆ ತುಂಬುವಾಗ

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಏಕೆ ಎಂಬ ಪ್ರಶ್ನೆ ಸಹಜ. ಇಲ್ಲಿ ಅದು ಬೇಕಿರುವುದು ತುಕ್ಕು ತಡೆಯುವ ರಾಸಾಯನಿಕಕ್ಕಾಗಿ, ಜೊತೆಗೆ ಕುದಿಯುವ ಬಿಂದು ಏರಿಸಲು. ಮೂರು ಪಾಲು ನೀರಿಗೆ ಒಂದು ಪಾಲಿನಿಂದ ಹಿಡಿದು ಅರ್ಧಕ್ಕರ್ಧದವರೆಗೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕಲಸಿ. ನೀರು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಾಗಲಿ, ಶೋಧಿಸಿದ ಮಳೆನೀರಾಗಲಿ, ಬೋರಿನದ್ದು ಬೇಡ. ಹಸಿರು, ಕೆಂಪು ಎಂದು ಬಣ್ಣ ನೋಡಿ ಬೆರೆಸಬೇಡಿ, ಬಣ್ಣಕ್ಕೂ ಒಳಗಿನ ರಾಸಾಯನಿಕಕ್ಕೂ ಖಚಿತ ಸಂಬಂಧವಿಲ್ಲ. ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಕಣದಲ್ಲೋ ಕೊಟ್ಟಿಗೆಯ ಹತ್ತಿರವೋ ಚೆಲ್ಲಿದರೆ ದನ, ನಾಯಿ ನೆಕ್ಕಿ ಸಾಯುತ್ತವೆ. ಡಬ್ಬಿಯಲ್ಲಿ ಹಿಡಿದು ಮುಚ್ಚಿಡಿ.

ಟ್ರ್ಯಾಕ್ಟರಿನ ಮೂತಿ ತುಸು ಮೇಲೆ ಇರುವಂತೆ ಏರಿನಲ್ಲಿ ನಿಲ್ಲಿಸಿ, ನಿಧಾನಕ್ಕೆ ತುಂಬಿ, ಮುಚ್ಚಳ ಹಾಕದೆ ಚಾಲೂ ಮಾಡಿ. ಥರ್ಮೋಸ್ಟಾಟ್ ತೆರೆದಾಗ ಒಳಗೆ ಸಿಕ್ಕಿದ್ದ ಗಾಳಿ ಬುಳುಬುಳು ಎಂದು ಹೊರಬಂದು ಮಟ್ಟ ಇಳಿಯುತ್ತದೆ. ಆಗ ಎರಡು ಬೆರಳು ಬಿಟ್ಟು ತುಂಬಿ ಮುಚ್ಚಿ. ಒಂದು ಗಂಟೆ ಪೂರ್ತಿ ಲೋಡ್‌ನಲ್ಲಿ ಓಡಿಸಿ, ಮೇಲಿನ ಮತ್ತು ಕೆಳಗಿನ ಟ್ಯಾಂಕ್ ಅಳೆದು, ಅಂಕಿಗಳನ್ನು ದಿನಾಂಕದ ಜೊತೆ ಬಾನೆಟ್ ಒಳಮೈ ಮೇಲೆ ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಮುಳ್ಳು ಏರಿದಾಗ ಹೋಲಿಸಿ ನೋಡಲು ಆ ಎರಡು ಅಂಕಿ ಬೇಕಾಗುತ್ತವೆ.